‘ಆದರೂ’ ಎಂಬ ಮೂರಕ್ಷರ: ಸಂಪಾದಕರಿಗೊಂದು ಬಹಿರಂಗ ಪತ್ರ

ಕನ್ನಡ ಪತ್ರಿಕೆಗಳ ಮತ್ತು ಸುದ್ದಿವಾಹಿನಿಗಳ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪೈಕಿ ಒಬ್ಬರ ಕಚೇರಿಯಿಂದ ನನಗೆ ಫೋನ್ ಬಂದಿತ್ತು. ಮಾತನಾಡಿದವರು ಹೊಸದಾಗಿ ಕೆಲಸಕ್ಕೆ ಸೇರಿದ ವರದಿಗಾರ್ತಿ. ದನಿಯಲ್ಲಿ ವಿನಯವಿತ್ತು, ಅವಸರವೂ ಇತ್ತು. ಡಿಸೆಂಬರ್ 3ರ ಅಂಗವಿಕಲರ ದಿನಕ್ಕೆ ಒಂದು ವಿಶೇಷ ಪುಟ ಮಾಡುತ್ತಿದ್ದಾರಂತೆ. ‘ಕಾಲಿಲ್ಲದಿದ್ದರೂ ಇಪ್ಪತ್ತಾರು ವರ್ಷಗಳಿಂದ ಮಕ್ಕಳಿಗೆ ಗಣಿತ ಕಲಿಸುತ್ತಿದ್ದೀರಿ ಎಂದು ಕೇಳಿದೆ ಸರ್’ ಎಂದರು.

ನನಗೆ ಎರಡು ಕಾಲುಗಳೂ ಇವೆ. ಎಡಗಾಲು ಎರಡನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿ ಬಲ ಕಳೆದುಕೊಂಡಿದೆ, ಅಷ್ಟೆ. ಕಾಲಿಗೆ ಆಧಾರ ಕೊಡುವ ಕ್ಯಾಲಿಪರ್ ಎಂಬ ಪಟ್ಟಿ ಕಟ್ಟಿಕೊಂಡು ಊರುಗೋಲು ಹಿಡಿದು ಓಡಾಡುತ್ತೇನೆ. ಅದನ್ನು ತಿದ್ದಿದೆ. ಹಾಗೆಯೇ, ಕಾಲಿನಿಂದ ಗಣಿತ ಕಲಿಸುವವರನ್ನು ನಾನು ಈವರೆಗೆ ಎಲ್ಲಿಯೂ ಕಂಡಿಲ್ಲ ಎಂದೂ ಹೇಳಿದೆ. ಆಕೆ ನಕ್ಕರು. ಆಮೇಲೆ ಪಟ್ಟಿಯಲ್ಲಿದ್ದ ಪ್ರಶ್ನೆಗಳು ಒಂದೊಂದಾಗಿ ಬಂದವು. ಬದುಕು ಸಾಕು ಎನ್ನಿಸಿದ್ದು ಯಾವಾಗ? ಅದನ್ನು ಗೆದ್ದದ್ದು ಹೇಗೆ? ‘ನಿಮ್ಮಂಥವರಿಗೆ’ ನಿಮ್ಮ ಸಂದೇಶವೇನು? ನಾನು ಭಿನ್ನರಾಶಿಯನ್ನು ಮಕ್ಕಳಿಗೆ ಹೇಗೆ ಹೇಳಿಕೊಡುತ್ತೇನೆ, ಋಣ ಸಂಖ್ಯೆಗಳೆಂದರೆ ಅವರು ಏಕೆ ಹೆದರುತ್ತಾರೆ ಎಂದು ವಿವರಿಸತೊಡಗಿದೆ. ಆ ಕಡೆಯಿಂದ ಕೇಳಿಬರುತ್ತಿದ್ದ ಕೀಲಿಮಣೆಯ ಸದ್ದು ಅಲ್ಲಿಗೆ ನಿಂತಿತು.

ಎರಡು ದಿನ ಸಮಯ ಕೊಡಿ, ಬರೆದೇ ಕಳುಹಿಸುತ್ತೇನೆ ಎಂದೆ. ಬರೆಯಲು ಕುಳಿತಾಗ ಈ ಮಾತನ್ನು ಆ ಹುಡುಗಿಗೆ ಹೇಳುವುದು ನ್ಯಾಯವಲ್ಲ ಎನ್ನಿಸಿತು. ಆಕೆ ಬಳಸಿದ ಅಚ್ಚು ಆಕೆ ಮಾಡಿದ್ದಲ್ಲ. ಹಾಗಾಗಿ ಅಚ್ಚಿನ ಮಾಲೀಕರಿಗೇ ಈ ಪತ್ರ.

ಆ ಅಚ್ಚಿನ ಕೀಲು ಇರುವುದು ‘ಆದರೂ’ ಎಂಬ ಮೂರಕ್ಷರದಲ್ಲಿ. ಕುರುಡನಾದರೂ, ಕೈಯಿಲ್ಲದಿದ್ದರೂ, ಮಾತು ಬಾರದಿದ್ದರೂ. ನಾನು ಮೇಷ್ಟರಾದ್ದರಿಂದ ಇದನ್ನು ಕಪ್ಪುಹಲಗೆಯ ಮೇಲೆ ಬರೆದು ಬಿಡಿಸಿ ನೋಡುತ್ತೇನೆ. ‘ಮಳೆ ಬಂದರೂ ಆಟ ನಡೆಯಿತು’ ಎಂದರೆ, ಮಳೆ ಬಂದರೆ ಆಟ ನಡೆಯುವುದಿಲ್ಲ ಎಂಬುದು ಎಲ್ಲರೂ ಒಪ್ಪಿದ ನಿಯಮ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ; ವ್ಯಾಕರಣವೇ ಹೇಳಿಬಿಡುತ್ತದೆ. ‘ಕಣ್ಣಿಲ್ಲದಿದ್ದರೂ ಪದವಿ ಪಡೆದ’ ಎಂದಾಗಲೂ ಹಾಗೆಯೇ. ಕಣ್ಣಿಲ್ಲದವರು ಪದವಿ ಪಡೆಯುವವರಲ್ಲ ಎಂಬ ನಿಯಮವನ್ನು ನೀವು ಬರೆದಿಲ್ಲ, ಆದರೆ ಅಚ್ಚು ಹಾಕಿದ್ದೀರಿ. ಹೊಗಳಿಕೆ ಒಬ್ಬನಿಗೆ ಸಲ್ಲುತ್ತದೆ, ನಿಯಮ ಉಳಿದ ಎಲ್ಲರಿಗೂ ಅನ್ವಯವಾಗುತ್ತದೆ. ಆ ನಿಯಮವನ್ನು ಓದುವವರಲ್ಲಿ ನಾಳೆ ಸಂದರ್ಶನದ ಮೇಜಿನ ಆ ಬದಿ ಕುಳಿತುಕೊಳ್ಳುವ ಅಧಿಕಾರಿ ಇದ್ದಾರೆ, ಶಾಲೆಗೆ ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುವ ಮುಖ್ಯೋಪಾಧ್ಯಾಯರಿದ್ದಾರೆ. ಮಗುವಿನ ಕೈ ಹಿಡಿದು ಹೊರಗೆ ನಿಂತಿರುವ ತಾಯಿಯೂ ಇದ್ದಾಳೆ.

ನಿಮ್ಮ ಶೀರ್ಷಿಕೆಗಳಲ್ಲಿ ಇದರ ಅಣ್ಣತಮ್ಮಂದಿರೂ ಇದ್ದಾರೆ. ‘ಅಂಗವೈಕಲ್ಯ ಮೆಟ್ಟಿ ನಿಂತ ಸಾಧಕ’ ಎನ್ನುತ್ತೀರಿ. ಮೆಟ್ಟುವ ಕಾಲೇ ಬಲಹೀನವಾಗಿರುವ ನನಗೆ ಇದನ್ನು ಓದಿದಾಗಲೆಲ್ಲ ನಗು ಬರುತ್ತದೆ. ‘ಅಂಗವೈಕಲ್ಯಕ್ಕೆ ಸೆಡ್ಡು ಹೊಡೆದು’ ಎಂಬುದು ಇನ್ನೊಂದು. ಐವತ್ತು ವರ್ಷಗಳಿಂದ ಈ ಕಾಲಿನೊಂದಿಗೆ ಸಂಸಾರ ಮಾಡುತ್ತಿದ್ದೇನೆ. ನಮ್ಮಿಬ್ಬರ ನಡುವೆ ಕುಸ್ತಿ ಇಲ್ಲ. ನನ್ನ ಜಗಳವೇನಿದ್ದರೂ ಮೆಟ್ಟಿಲುಗಳ ಜೊತೆಗೆ, ಬಸ್ಸಿನ ಎತ್ತರದ ಪಾವಟಿಗೆಯ ಜೊತೆಗೆ. ಇನ್ನು ‘ಅಂಗವೈಕಲ್ಯ ಶಾಪವಲ್ಲ’ ಎಂದು ಪ್ರತಿ ವರ್ಷವೂ ಒಬ್ಬರಲ್ಲ ಒಬ್ಬರು ಅತಿಥಿಗಳು ಘೋಷಿಸುತ್ತಾರೆ, ನೀವು ಪ್ರಕಟಿಸುತ್ತೀರಿ. ಕೇಳದ ಪ್ರಶ್ನೆಗೆ ಇಷ್ಟು ಜೋರಾಗಿ ಉತ್ತರ ಬರುತ್ತಿದೆ ಎಂದರೆ ಪ್ರಶ್ನೆ ಇನ್ನೂ ಕೋಣೆಯೊಳಗೇ ಇದೆ ಎಂದರ್ಥ.

‘ಆದರೂ’ವನ್ನೇ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಿ ಎನ್ನುತ್ತಿದ್ದೇನೆ. ‘ಕಣ್ಣಿಲ್ಲದಿದ್ದರೂ ಉನ್ನತ ದರ್ಜೆ’ ಎಂಬುದನ್ನು ‘ಬ್ರೈಲ್ ಪಠ್ಯಪುಸ್ತಕ ಸಿಗದಿದ್ದರೂ ಉನ್ನತ ದರ್ಜೆ’ ಎಂದು ಬರೆಯಿರಿ. ‘ಕಾಲಿಲ್ಲದಿದ್ದರೂ ಮತಗಟ್ಟೆಗೆ ಬಂದರು’ ಎಂಬಲ್ಲಿ ‘ಇಳಿಜಾರು ಇಲ್ಲದಿದ್ದರೂ ಬಂದರು’ ಎಂದು ಬರೆಯಿರಿ. ‘ಕಿವಿ ಕೇಳದಿದ್ದರೂ’ ಎಂಬುದು ‘ತರಗತಿಯಲ್ಲಿ ಸನ್ನೆ ಭಾಷೆ ಬಲ್ಲವರೊಬ್ಬರೂ ಇಲ್ಲದಿದ್ದರೂ’ ಎಂದಾಗಲಿ. ವಾಕ್ಯ ಅದೇ, ಸಾಧನೆಯೂ ಅದೇ, ಮೆಚ್ಚುಗೆ ಒಂದಿಷ್ಟೂ ಕಡಿಮೆಯಾಗಿಲ್ಲ. ಆದರೆ ‘ಇಲ್ಲ’ ಎಂಬುದು ನನ್ನ ಮೈಯಿಂದ ಎದ್ದುಹೋಗಿ ಕಟ್ಟಡದ ಮೇಲೆ, ಇಲಾಖೆಯ ಮೇಲೆ ಕುಳಿತಿದೆ. ಅಲ್ಲಿ ಕುಳಿತರೆ ಅದಕ್ಕೆ ಉತ್ತರ ಕೊಡುವವರು ಯಾರಾದರೂ ಸಿಗುತ್ತಾರೆ. ನನ್ನ ಕಾಲಿನ ಬಗ್ಗೆ ಯಾವ ಮಂತ್ರಿ ಉತ್ತರ ಕೊಡಬೇಕು?

ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ವಿಚಾರವೇನೂ ಅಲ್ಲ. ನಮ್ಮ ದೇಶದ ಕಾನೂನೇ ಹೀಗೆ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಗವಿಕಲ ಯಾರು ಎಂಬ ವ್ಯಾಖ್ಯೆಯನ್ನು ಒಮ್ಮೆ ಓದಿ. ದೀರ್ಘಕಾಲದ ಊನವಷ್ಟೇ ಸಾಲದು; ಆ ಊನವು ಅಡೆತಡೆಗಳೊಂದಿಗೆ ಸೇರಿ, ಇತರರಿಗೆ ಸಮಾನವಾಗಿ ಸಮಾಜದಲ್ಲಿ ಪಾಲ್ಗೊಳ್ಳುವುದಕ್ಕೆ ತೊಡಕಾಗಬೇಕು. ಅಡೆತಡೆಗಳು ಯಾವುವು ಎಂಬುದಕ್ಕೂ ಅಲ್ಲಿ ಪಟ್ಟಿಯಿದೆ: ಕಟ್ಟಡಗಳಷ್ಟೇ ಅಲ್ಲ, ಸಂವಹನ, ಸಂಸ್ಕೃತಿ, ಮನೋಭಾವಗಳೂ ಅದರಲ್ಲಿ ಸೇರಿವೆ. ಅಂದರೆ ನಿಮ್ಮ ಶೀರ್ಷಿಕೆಯೂ ನಾನು ಹತ್ತಬೇಕಾದ ಮೆಟ್ಟಿಲುಗಳಲ್ಲಿ ಒಂದಾಗಬಹುದು. 1995ರ ಹಳೆಯ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು, ಹೊಸದು ಇಪ್ಪತ್ತೊಂದನ್ನು ಗುರುತಿಸುತ್ತದೆ. ಸುದ್ದಿಗಳಲ್ಲಿ ಎದ್ದು ಕಂಡದ್ದು ಈ ಸಂಖ್ಯೆ. ನನಗೆ ಮುಖ್ಯವಾಗಿ ಕಂಡದ್ದು ಆ ಒಂದು ವಾಕ್ಯ.

ಇನ್ನು ಹೆಸರುಗಳ ವಿಚಾರ. ಇದರ ಬಗ್ಗೆ ನಮ್ಮ ನಮ್ಮಲ್ಲೇ ಒಮ್ಮತವಿಲ್ಲ, ಆದ್ದರಿಂದ ನಾನು ಹೇಳುವುದನ್ನು ಒಬ್ಬನ ಅಭಿಪ್ರಾಯವೆಂದೇ ತೆಗೆದುಕೊಳ್ಳಿ. ನಾನು ನನ್ನನ್ನು ಅಂಗವಿಕಲ ಎಂದು ಕರೆದುಕೊಳ್ಳುತ್ತೇನೆ. ಒಂದು ಅಂಗ ವಿಕಲವಾಗಿದೆ, ನಿಜ. ಮುಗಿಯಿತು. ಆದರೆ ಈ ಪದ ಒರಟು ಎಂದು ಯಾರಿಗೋ ಅನ್ನಿಸಿ ‘ವಿಕಲಚೇತನ’ ಬಂತು. ಸೌಮ್ಯವಾಗಿ ಕೇಳಿಸುತ್ತದೆ, ಫಲಕಗಳಲ್ಲಿ ರಾರಾಜಿಸುತ್ತದೆ. ಬಿಡಿಸಿ ಓದಿದರೆ ಮಾತ್ರ ಗಾಬರಿಯಾಗುತ್ತದೆ: ಮೊದಲು ಕಾಲಿನಲ್ಲಿದ್ದ ದೋಷ ಈಗ ಚೇತನಕ್ಕೆ ಏರಿದೆ! ‘ವಿಶೇಷಚೇತನ’ ಎಂದರೆ ಆ ವಿಶೇಷವೇನು ಎಂದು ತೋರಿಸಬೇಕಾದ ಹೊರೆ ನನ್ನ ಮೇಲೆ ಬೀಳುತ್ತದೆ. 2015ರ ಡಿಸೆಂಬರ್‌ನಲ್ಲಿ ಪ್ರಧಾನಿಯವರು ಬಾನುಲಿ ಭಾಷಣದಲ್ಲಿ ‘ದಿವ್ಯಾಂಗ’ ಎಂಬ ಪದವನ್ನು ಸೂಚಿಸಿದರು. ಅಂಗವಿಕಲರ ಹಲವು ಸಂಘಟನೆಗಳು ಅದನ್ನು ಆಗಲೇ ಆಕ್ಷೇಪಿಸಿದ್ದವು, ಇಷ್ಟಪಟ್ಟು ಒಪ್ಪಿಕೊಂಡವರೂ ಇದ್ದಾರೆ. ನನ್ನ ಎಡಗಾಲನ್ನು ಎಷ್ಟು ಹೊತ್ತು ನೋಡಿದರೂ ನನಗೆ ಅದರಲ್ಲಿ ದಿವ್ಯವಾದದ್ದೇನೂ ಕಂಡಿಲ್ಲ. ಚಳಿಗಾಲದಲ್ಲಿ ಅದು ನೋಯುತ್ತದೆ.

ಇಂಗ್ಲಿಷಿನಲ್ಲಿ ಮೊದಲು ವ್ಯಕ್ತಿ, ಆಮೇಲೆ ವೈಕಲ್ಯ ಬರುವಂತೆ ಬರೆಯಬೇಕು ಎಂಬ ಒತ್ತಾಯವಿದೆ. ಅದನ್ನು ನೋಡಿ ಕನ್ನಡದಲ್ಲೂ ‘ಅಂಗವೈಕಲ್ಯವನ್ನು ಹೊಂದಿರುವಂತಹ ವ್ಯಕ್ತಿ’ ಎಂದು ಉದ್ದಕ್ಕೆ ಎಳೆಯುತ್ತಾರೆ. ಕನ್ನಡದಲ್ಲಿ ವಿಶೇಷಣ ಮೊದಲು ಬರುತ್ತದೆ, ನಾಮಪದ ಆಮೇಲೆ. ಎಷ್ಟು ಎಳೆದರೂ ವ್ಯಕ್ತಿ ಹಿಂದೆಯೇ ಉಳಿಯುತ್ತಾನೆ. ಪರಭಾಷೆಯ ಶಿಷ್ಟಾಚಾರಕ್ಕಾಗಿ ನಮ್ಮ ವಾಕ್ಯದ ಬೆನ್ನು ಮುರಿಯಬೇಕಾಗಿಲ್ಲ. ಹೆಸರು ಗೊತ್ತಿದ್ದರೆ ಹೆಸರು ಬರೆಯಿರಿ, ವೃತ್ತಿ ಗೊತ್ತಿದ್ದರೆ ವೃತ್ತಿ ಬರೆಯಿರಿ. ಸುದ್ದಿಗೆ ಬೇಕಿದ್ದರೆ ಮಾತ್ರ ವೈಕಲ್ಯದ ಮಾತು ಬರಲಿ. ನನ್ನ ಕಿವುಡ ಗೆಳೆಯನೊಬ್ಬ ‘ಶ್ರವಣದೋಷವುಳ್ಳವರು’ ಎಂಬ ಮಾತನ್ನು ಓದಿ ಮುಖ ಸಿಂಡರಿಸುತ್ತಾನೆ. ‘ನಾನು ಕಿವುಡ, ನನ್ನ ಭಾಷೆ ಕೈಯಲ್ಲಿದೆ, ದೋಷವೆಲ್ಲಿದೆ?’ ಎನ್ನುತ್ತಾನೆ, ಕೈಯಲ್ಲೇ. ಅವನನ್ನು ‘ಮೂಗ’ ಎಂದರೆ ಮಾತ್ರ ನಿಜವಾದ ಸಿಟ್ಟು ಬರುತ್ತದೆ. ಬರಲೇಬೇಕು, ಇಡೀ ಒಂದು ಭಾಷೆಯನ್ನು ಆಡುವವನಿಗೆ ಮಾತೇ ಇಲ್ಲ ಎಂದಂತೆ ಅದು.

ಗಾದೆಗಳನ್ನೆಲ್ಲ ತೊಳೆದು ಶುದ್ಧ ಮಾಡಿ ಎಂದು ಕೇಳುವವನು ನಾನಲ್ಲ. ‘ಕುಂಟು ನೆಪ’ ಎಂದರೆ ನನಗೆ ನೋವಾಗುವುದಿಲ್ಲ. ‘ಕುಂಟುತ್ತಾ ಸಾಗಿದ ಕಾಮಗಾರಿ’ ಎಂದಾಗ ಮಾತ್ರ ಸಣ್ಣ ತಕರಾರಿದೆ: ನಾನು ಕುಂಟುತ್ತಲೇ ಹೊತ್ತಿಗೆ ಸರಿಯಾಗಿ ಶಾಲೆ ತಲುಪುತ್ತೇನೆ, ನಿಮ್ಮ ಕಾಮಗಾರಿ ತಲುಪುವುದಿಲ್ಲ. ‘ಜಾಣ ಕಿವುಡು’ ಎಂಬುದಂತೂ ಒಳ್ಳೆಯ ಮಾತು. ಕೇಳಿಸಿದರೂ ಕೇಳಿಸದಂತೆ ಕುಳಿತವರನ್ನು, ನಿಜವಾಗಿ ಕಿವಿ ಕೇಳದವರಿಂದ ಬೇರೆ ಮಾಡಿ ತೋರಿಸುವ ವಿವೇಕ ಅದರಲ್ಲಿದೆ.

ನನ್ನನ್ನು ಚುಚ್ಚಿದ ಪದ ಬೇರೆ. ಅದು ಬೈಗುಳವೇ ಅಲ್ಲ. ‘ಪಾಪ’ ಎಂಬ ಎರಡಕ್ಷರ. ನಮ್ಮ ಭಾಷೆಯಲ್ಲಿ ಕನಿಕರಕ್ಕೂ ಪಾತಕಕ್ಕೂ ಒಂದೇ ಪದ ಎಂಬುದು ನನಗೆ ಹೊಳೆದಾಗ ಹತ್ತು ವರ್ಷವಿರಬೇಕು. ‘ಪಾಪ, ಹುಡುಗನಿಗೆ ಹೀಗಾಗಿದೆ’ ಎಂದು ಒಬ್ಬರು ನಿಟ್ಟುಸಿರಿಟ್ಟರೆ, ‘ಯಾವ ಜನ್ಮದ ಪಾಪವೋ’ ಎಂದು ಇನ್ನೊಬ್ಬರು ಪೂರ್ತಿ ಮಾಡುತ್ತಿದ್ದರು. ಎರಡು ‘ಪಾಪ’ಗಳ ನಡುವೆ ನಾನು ನಿಂತಿರುತ್ತಿದ್ದೆ.

ಶಾಲೆಯಲ್ಲಿ ಆಟದ ಅವಧಿ ಬಂದಾಗ ಮೇಷ್ಟರು ಪ್ರೀತಿಯಿಂದಲೇ ಹೇಳುತ್ತಿದ್ದರು: ‘ನಿನಗೇಕೆ ಕಷ್ಟ, ನೆರಳಿನಲ್ಲಿ ಕುಳಿತುಕೊ.’ ನಾನು ನೆರಳಿನಲ್ಲಿ ಕುಳಿತು ಉಳಿದವರ ಚಪ್ಪಲಿಗಳನ್ನು ಕಾಯುತ್ತಿದ್ದೆ. ಮೂರು ವರ್ಷ ಕಾದೆ. ಆ ಮಾತಿನಲ್ಲಿ ಎಲ್ಲಿಯೂ ಕೆಟ್ಟ ಪದವಿಲ್ಲ, ಬಳಸಬಾರದ ಪದಗಳ ಬಗ್ಗೆ ಯಾವ ನ್ಯಾಯಾಲಯ ಪಟ್ಟಿ ಮಾಡಿದರೂ ಅದರಲ್ಲಿ ಅದು ಸಿಗುವುದಿಲ್ಲ. ಆದರೆ ನನ್ನಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ ಎಂಬುದನ್ನು ನಾನು ಕಲಿತದ್ದು ಅದರಿಂದಲೇ. ಆ ಪಾಠ ಬೇಗ ತಲೆಗೆ ಹತ್ತುತ್ತದೆ. ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಬೇರೆ ಅವಧಿಗಳಲ್ಲೂ ನಾನು ಮಾನಸಿಕವಾಗಿ ನೆರಳಿನಲ್ಲೇ ಕುಳಿತಿರುತ್ತಿದ್ದೆ.

ಆ ವರ್ಷ ಆಟದ ಮೇಷ್ಟರು ಬದಲಾದರು. ಹೊಸಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಉದ್ದನೆಯ ಪುಸ್ತಕವನ್ನು ಕೈಗೆ ಹಾಕಿದರು. ಕ್ರಿಕೆಟ್ ಅಂಕಪಟ್ಟಿ ಬರೆಯುವ ಪುಸ್ತಕ. ‘ಲೆಕ್ಕ ತಪ್ಪಿದರೆ ಬಿಡುವುದಿಲ್ಲ’ ಎಂದರು. ಅಷ್ಟೇ ಪ್ರೋತ್ಸಾಹ. ಬ್ಯಾಟುಗಾರರ ಓಟಗಳಿಗೆ ಇತರೆ ಓಟಗಳನ್ನು ಸೇರಿಸಿದರೆ ತಂಡದ ಮೊತ್ತ ಬರಬೇಕು. ಬೌಲರ್‌ಗಳು ಕೊಟ್ಟ ಓಟಗಳಿಗೆ ಬೈ, ಲೆಗ್ ಬೈಗಳನ್ನು ಸೇರಿಸಿದರೂ ಅದೇ ಮೊತ್ತ ಬರಬೇಕು. ಎರಡು ದಾರಿಯಲ್ಲಿ ಹೊರಟ ಲೆಕ್ಕ ಒಂದೇ ಊರು ಸೇರುತ್ತದೆ ಎಂಬುದು ಮೊದಲ ಸಲ ತಾಳೆಯಾದ ಸಂಜೆ ನನಗಾದ ಸಂತೋಷವನ್ನು ಇವತ್ತಿಗೂ ನನ್ನ ವಿದ್ಯಾರ್ಥಿಗಳಿಗೆ ದಾಟಿಸಲು ಹೆಣಗುತ್ತಿದ್ದೇನೆ. ಒಮ್ಮೆ ಎರಡು ಓಟ ತಪ್ಪಿಸಿದ್ದಕ್ಕೆ ಎಲ್ಲರ ಎದುರು ಬೈಸಿಕೊಂಡೆ. ಅದಕ್ಕಿಂತ ಮೊದಲು ಶಾಲೆಯಲ್ಲಿ ಯಾರೂ ನನಗೆ ಬೈದಿರಲಿಲ್ಲ. ಅವತ್ತು ಎಷ್ಟು ಹಗುರಾಗಿ ಮನೆಗೆ ನಡೆದೆನೆಂದರೆ!

ನಿಮ್ಮ ವರದಿಗಾರ್ತಿ ಕೇಳಿದ ಸ್ಫೂರ್ತಿಯ ಕಥೆ ಇದೇ. ಆದರೆ ಆಕೆಯ ಅಚ್ಚಿನಲ್ಲಿ ಇದು ಹಿಡಿಯುವುದಿಲ್ಲ, ಏಕೆಂದರೆ ಇದರಲ್ಲಿ ಸ್ಫೂರ್ತಿ ನನ್ನಿಂದ ಹೊರಡುವುದಿಲ್ಲ; ನನಗೆ ಬರುತ್ತದೆ. ಅದೂ ಮಾತಿನಿಂದಲ್ಲ, ಒಂದು ಕೆಲಸದಿಂದ, ತಪ್ಪಿದರೆ ಬೈಯುವಷ್ಟು ನನ್ನನ್ನು ನಂಬಿದ ಒಬ್ಬರಿಂದ.

ನನ್ನ ಅಮ್ಮನ ಬಳಿ ಒಂದು ನೋಟ್‌ಬುಕ್ ಇತ್ತು. ಪತ್ರಿಕೆಗಳಲ್ಲಿ ಬಂದ ‘ಕೈಯಿಲ್ಲದಿದ್ದರೂ’, ‘ಕಣ್ಣಿಲ್ಲದಿದ್ದರೂ’ ಸುದ್ದಿಗಳನ್ನೆಲ್ಲ ಕತ್ತರಿಸಿ ಅದರಲ್ಲಿ ಅಂಟಿಸುತ್ತಿದ್ದಳು. ನಾನು ಸಪ್ಪಗೆ ಕುಳಿತ ದಿನ ಅದನ್ನು ತಂದು ಎದುರಿಗಿಡುತ್ತಿದ್ದಳು. ಅವಳ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಆ ಪುಟಗಳನ್ನು ತಿರುವುತ್ತಾ ನನಗೆ ಆಗುತ್ತಿದ್ದದ್ದು ನಾಚಿಕೆ. ಪಾದದಿಂದ ಚಿತ್ರ ಬಿಡಿಸಿದವರಿದ್ದಾರೆ, ಬೆಟ್ಟ ಹತ್ತಿದವರಿದ್ದಾರೆ. ನನಗೆ ಒಂದು ಬಸ್ಸು ಹತ್ತಲು ಆಗುತ್ತಿಲ್ಲವಲ್ಲ. ಅವರಿಗೆ ಛಲವಿತ್ತು, ನನಗಿಲ್ಲ. ಬಸ್ಸಿನ ಪಾವಟಿಗೆ ನೆಲದಿಂದ ಎಷ್ಟು ಎತ್ತರವಿದೆ ಎಂದು ಕೇಳಬೇಕು ಎಂಬುದು ಆಗ ನನಗೂ ಹೊಳೆದಿರಲಿಲ್ಲ, ಅಮ್ಮನಿಗೂ ಹೊಳೆದಿರಲಿಲ್ಲ, ಆ ಸುದ್ದಿ ಬರೆದವರಿಗೂ ಹೊಳೆದಿರಲಿಲ್ಲ.

ಆ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ ಇದ್ದರು. ಕಣ್ಣು ಕಿವಿ ಎರಡೂ ಇಲ್ಲದಿದ್ದರೂ ಛಲದಿಂದ ಗೆದ್ದ ಹುಡುಗಿ ಎಂದಷ್ಟೇ ಅಲ್ಲಿತ್ತು. ದೊಡ್ಡವನಾದ ಮೇಲೆ ಉಳಿದದ್ದನ್ನು ಓದಿದೆ. 1887ರಲ್ಲಿ ಆರು ವರ್ಷದ ಹೆಲೆನ್ ಬಳಿಗೆ ಬಂದ ಆನ್ ಸಲಿವನ್ ಎಂಬ ಶಿಕ್ಷಕಿ, 1936ರಲ್ಲಿ ತಾವು ಸಾಯುವವರೆಗೆ ಜೊತೆಗಿದ್ದರು. ನಲವತ್ತೊಂಬತ್ತು ವರ್ಷ! ಒಂದು ಛಲದ ಹಿಂದೆ ಇನ್ನೊಬ್ಬರ ಇಡೀ ಬದುಕಿತ್ತು. ಹೆಲೆನ್ 1909ರಲ್ಲಿ ಸಮಾಜವಾದಿ ಪಕ್ಷ ಸೇರಿದರು. ಕುರುಡುತನಕ್ಕೆ ಬಡತನವೂ ಕಾರ್ಖಾನೆಗಳ ದುಃಸ್ಥಿತಿಯೂ ಎಷ್ಟೋ ಸಲ ಕಾರಣ ಎಂದು ವಾದಿಸಿದರು. ನಿಮಗೆ ಆಸಕ್ತಿ ಹುಟ್ಟಿಸಬಹುದಾದ ಸಂಗತಿ ಇನ್ನೊಂದಿದೆ. ಮೊದಲು ಅವರನ್ನು ಹಾಡಿ ಹೊಗಳಿದ್ದ ಬ್ರೂಕ್ಲಿನ್‌ನ ಪತ್ರಿಕಾ ಸಂಪಾದಕರೊಬ್ಬರು, ಅವರು ರಾಜಕೀಯ ಮಾತನಾಡಿದ ಕೂಡಲೇ, ಆಕೆಯ ತಪ್ಪು ತಿಳಿವಳಿಕೆಗೆ ಆಕೆಯ ಬೆಳವಣಿಗೆಯ ಮಿತಿಗಳೇ ಕಾರಣ ಎಂದುಬಿಟ್ಟರು. 1912ರಲ್ಲಿ ಹೆಲೆನ್ ಅದಕ್ಕೆ ಖಾರವಾಗಿ ಉತ್ತರಿಸಿದರು. ಕಷ್ಟ ಹೇಳಿಕೊಳ್ಳುವವರೆಗೆ ಸ್ಫೂರ್ತಿ, ಕಾರಣ ಕೇಳಿದ ಕೂಡಲೇ ‘ಮಿತಿ’. ನೂರು ವರ್ಷ ಹಳೆಯ ಆ ಸಂಪಾದಕೀಯ ನಿಮ್ಮಲ್ಲಿ ಯಾರಿಗೂ ಪರಿಚಿತವೆನ್ನಿಸದಿರಲಿ ಎಂದು ಹಾರೈಸುತ್ತೇನೆ.

ಗಾಲಿಕುರ್ಚಿಯಲ್ಲಿದ್ದ ಬ್ರಿಟನ್ನಿನ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಕೂಡ ಆ ನೋಟ್‌ಬುಕ್ ಸೇರಿದ್ದರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಬ್ಯಾಂಕ್ ಹೊರತಂದ ಅಂಗವೈಕಲ್ಯ ಕುರಿತ ವರದಿಗೆ ಮುನ್ನುಡಿ ಬರೆದವರು ಅವರೇ. ಅಲ್ಲಿ ಅವರು ಛಲದ ಬದಲು ತಮಗೆ ಸಿಕ್ಕ ಉತ್ತಮ ವೈದ್ಯಕೀಯ ಆರೈಕೆಯನ್ನು, ನೆರವಿಗಿರುವ ಸಹಾಯಕರ ತಂಡವನ್ನು, ತಮಗೆ ಒಗ್ಗುವಂತೆ ಮಾರ್ಪಡಿಸಿದ ಮನೆ ಮತ್ತು ಕೆಲಸದ ಜಾಗವನ್ನು ಲೆಕ್ಕ ಹಾಕುತ್ತಾರೆ. ಜಗತ್ತಿನ ಬಹುಪಾಲು ಅಂಗವಿಕಲರಿಗೆ ಇದು ಸಿಗುವುದಿಲ್ಲ ಎಂದೂ ಹೇಳುತ್ತಾರೆ. ವಿಜ್ಞಾನಿಯಲ್ಲವೇ, ಫಲಿತಾಂಶದ ಜೊತೆಗೆ ಉಪಕರಣಗಳ ಪಟ್ಟಿಯನ್ನೂ ಕೊಟ್ಟರು. ನಮ್ಮ ವರದಿಗಳಲ್ಲಿ ಆ ಪಟ್ಟಿಯೇ ಬಿಟ್ಟುಹೋಗುತ್ತದೆ.

ಅಷ್ಟು ದೂರ ಹೋಗುವುದೇಕೆ? ಗದಗಿನ ವೀರೇಶ್ವರ ಪುಣ್ಯಾಶ್ರಮದ ಬಗ್ಗೆ ನೀವೇ ಎಷ್ಟೋ ಸಲ ಬರೆದಿದ್ದೀರಿ. ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಗುರುವಿಗೂ ಶಿಷ್ಯನಿಗೂ ಕಣ್ಣಿಲ್ಲದ ಕಡೆ ‘ಕಣ್ಣಿಲ್ಲದಿದ್ದರೂ’ ಎಂಬ ಮಾತಿಗೆ ಜಾಗವೆಲ್ಲಿದೆ? ಅಲ್ಲಿ ಶ್ರುತಿ ತಪ್ಪಿದರೆ ತಪ್ಪಿತೆಂದೇ ಲೆಕ್ಕ, ಕೂಡಿದರೆ ಕೂಡಿತೆಂದೇ ಲೆಕ್ಕ. ಅನ್ನ, ವಸತಿ, ವರ್ಷಗಟ್ಟಲೆ ಪಾಠ, ಕೈಗೆ ಸಿಗುವ ವಾದ್ಯ ಇಷ್ಟೂ ಇದ್ದಾಗ ಮಕ್ಕಳು ಹಾಡುಗಾರರಾದರು. ಇದನ್ನು ಪವಾಡವೆಂದು ಬರೆದರೆ ಅದನ್ನು ಕಟ್ಟಿದ ಶ್ರಮಕ್ಕೆ ಅವಮಾನ.

‘ಮನಸ್ಸಿದ್ದರೆ ಮಾರ್ಗ’ ಎಂಬ ಗಾದೆಯನ್ನು ನನಗೆ ಹೇಳದವರಿಲ್ಲ. ನನ್ನ ಅನುಭವದಲ್ಲಿ ಅದು ಬಹಳ ಸಲ ತಿರುಗುಮುರುಗಾಗಿ ನಡೆದಿದೆ. ಕಾಲೇಜಿನಲ್ಲಿದ್ದಾಗ ಗ್ರಂಥಾಲಯ ಮೇಲಂತಸ್ತಿನಲ್ಲಿತ್ತು. ಎರಡು ವರ್ಷ ನನಗೆ ಓದುವ ಆಸೆಯೇ ಇಲ್ಲ ಎಂದು ನಾನೇ ನಂಬಿದ್ದೆ. ಮೂರನೆಯ ವರ್ಷ, ನನಗಾಗಿ ಅಲ್ಲ, ಮೇಲ್ಛಾವಣಿ ಸೋರಿದ್ದಕ್ಕಾಗಿ ಗ್ರಂಥಾಲಯವನ್ನು ಕೆಳಗಿಳಿಸಿದರು. ಆ ವರ್ಷ ನಾನು ಮುಗಿಸಿದಷ್ಟು ಪುಸ್ತಕಗಳನ್ನು ತರಗತಿಯಲ್ಲಿ ಬೇರೆ ಯಾರೂ ಮುಗಿಸಲಿಲ್ಲ. ಮಾರ್ಗವಿತ್ತು, ಮನಸ್ಸು ಬಂತು. ನನ್ನ ಪಾಲಿನ ಪ್ರೇರಣಾ ಭಾಷಣಕಾರ ಒಂದು ಸೋರುವ ಮಾಳಿಗೆ.

ಆಸ್ಟ್ರೇಲಿಯಾದ ಪತ್ರಕರ್ತೆ, ಹಾಸ್ಯಗಾರ್ತಿ ಸ್ಟೆಲ್ಲಾ ಯಂಗ್ ಗಾಲಿಕುರ್ಚಿ ಬಳಸುತ್ತಿದ್ದರು. ಅವರಿಗೆ ಹದಿನೈದು ವರ್ಷವಿದ್ದಾಗ ಊರಿನವರೊಬ್ಬರು ಸಾಧನೆಯ ಪ್ರಶಸ್ತಿಗೆ ಹೆಸರು ಸೂಚಿಸಲು ಬಯಸಿ ತಂದೆತಾಯಿಯನ್ನು ಕೇಳಿದರಂತೆ. ತಂದೆತಾಯಿ, ಅದೆಲ್ಲ ಸರಿ, ಆದರೆ ಇವಳು ಸಾಧಿಸಿದ್ದೇನೂ ಇಲ್ಲವಲ್ಲ ಎಂದರಂತೆ. ಅಂಗವಿಕಲರನ್ನು ತೋರಿಸಿ ಉಳಿದವರಿಗೆ ಹುರುಪು ತುಂಬಿಸುವ ಈ ವ್ಯಾಪಾರವನ್ನು ಅವರು ನೇರವಾಗಿ ಅಶ್ಲೀಲ ಚಿತ್ರಗಳಿಗೆ ಹೋಲಿಸಿದರು: ಒಂದು ಗುಂಪಿನವರನ್ನು ಇನ್ನೊಂದು ಗುಂಪಿನವರ ಲಾಭಕ್ಕಾಗಿ ಸರಕಾಗಿಸುವುದು. 2014ರಲ್ಲಿ ಸಿಡ್ನಿಯಲ್ಲಿ ಮಾಡಿದ ಭಾಷಣದಲ್ಲಿ, ಮೆಟ್ಟಿಲುಗಳನ್ನು ನೋಡಿ ಎಷ್ಟೇ ನಕ್ಕರೂ ಅವು ಇಳಿಜಾರಾಗುವುದಿಲ್ಲ ಎಂಬರ್ಥದ ಮಾತು ಹೇಳಿದರು. ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು, ಮೂವತ್ತೆರಡನೆಯ ವಯಸ್ಸಿನಲ್ಲಿ. ಹೋಲಿಕೆ ಕಟುವಾಯಿತು ಎಂದು ನಿಮಗೆ ಅನ್ನಿಸಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆಮೇಲೆ, ಸಹಾಯಧನದ ಚೆಕ್ ಹಿಡಿದು ವೇದಿಕೆಯ ಮೇಲೆ ಸಾಲಾಗಿ ನಿಂತ ಮಕ್ಕಳ ಚಿತ್ರವನ್ನು ಇನ್ನೊಮ್ಮೆ ನೋಡಿದೆ. ಚಿತ್ರದ ಕೆಳಗೆ ಗಣ್ಯರ ಹೆಸರುಗಳಿದ್ದವು. ಮಕ್ಕಳ ಹೆಸರುಗಳಿರಲಿಲ್ಲ.

ನಮ್ಮ ಸರ್ವೋಚ್ಚ ನ್ಯಾಯಾಲಯವೂ 2024ರ ಜುಲೈ 8ರಂದು, ಸಿನಿಮಾ ಮತ್ತಿತರ ದೃಶ್ಯಮಾಧ್ಯಮಗಳು ಅಂಗವಿಕಲರನ್ನು ಚಿತ್ರಿಸುವ ಬಗ್ಗೆ ಕೆಲವು ಮಾರ್ಗಸೂಚಿಗಳನ್ನು ನೀಡಿದೆ. ಕೀಳಾಗಿಸುವ ಪದಗಳು ಬೇಡ ಎಂಬಲ್ಲಿಗೆ ಅದು ನಿಲ್ಲುವುದಿಲ್ಲ. ಪೀಡಿತ, ನರಳುತ್ತಿರುವ, ಬಲಿಪಶು ಎಂಬಂಥ ಮಾತುಗಳು ತೊಂದರೆಯನ್ನೆಲ್ಲ ವ್ಯಕ್ತಿಯ ಮೈಮೇಲೆ ಹೊರಿಸಿ ಸಮಾಜದ ಅಡೆತಡೆಗಳನ್ನು ಮರೆಮಾಚುತ್ತವೆ ಎಂದೂ ಹೇಳುತ್ತದೆ. ಒಂದು ಇಂದ್ರಿಯ ಹೋದರೆ ಇನ್ನೊಂದಕ್ಕೆ ಅತಿಮಾನುಷ ಶಕ್ತಿ ಬರುತ್ತದೆ ಎಂಬ ಕಟ್ಟುಕಥೆಯನ್ನೂ ಅದು ಬಿಟ್ಟಿಲ್ಲ. ನಮ್ಮನ್ನು ಕಂಡು ನಗುವ ಹಾಸ್ಯಕ್ಕೂ ನಮ್ಮ ಬದುಕನ್ನು ಅರ್ಥ ಮಾಡಿಸುವ ಹಾಸ್ಯಕ್ಕೂ ವ್ಯತ್ಯಾಸವಿದೆ ಎಂದು ನ್ಯಾಯಾಲಯ ಗುರುತಿಸಿದ್ದು ನನಗೆ ಬಹಳ ಹಿಡಿಸಿತು. ಈ ಪತ್ರದಲ್ಲಿ ನನ್ನ ಕಾಲನ್ನು ನಾನೇ ಗೇಲಿ ಮಾಡಿಕೊಂಡಿರುವುದಕ್ಕೆ ಅದೇ ಪರವಾನಗಿ ಎಂದುಕೊಳ್ಳಿ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅಂಗವಿಕಲರು 2.68 ಕೋಟಿ, ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಇಷ್ಟು ಜನರಲ್ಲಿ ಬೆಟ್ಟ ಹತ್ತುವವರು ಎಷ್ಟು ಮಂದಿ ಇರಲು ಸಾಧ್ಯ? ಉಳಿದವರು ನನ್ನಂತೆ ಸಾಧಾರಣರು. ಸೋಮಾರಿಗಳಿದ್ದಾರೆ, ಮುಂಗೋಪಿಗಳಿದ್ದಾರೆ, ಸಾಲ ತೀರಿಸದವರಿದ್ದಾರೆ, ಎರಡು ಸಲ ನಪಾಸಾಗಿ ಮೂರನೆಯ ಸಲ ಪರೀಕ್ಷೆಗೇ ಹೋಗದವರಿದ್ದಾರೆ. ಉಳಿದ ಸಾಧಾರಣರಿಗೆ ಸಾಧಾರಣರಾಗಿರುವುದಕ್ಕೆ ಯಾವ ಪ್ರಮಾಣಪತ್ರವೂ ಬೇಕಿಲ್ಲ. ನಮಗೆ ಮಾತ್ರ ಎರಡೇ ಕುರ್ಚಿಗಳು: ಒಂದು ‘ಪಾಪ’, ಇನ್ನೊಂದು ‘ಸ್ಫೂರ್ತಿ’. ನನಗೆ ಪರಿಚಯದ ಯುವತಿಯೊಬ್ಬಳು ಕೆಲಸದಲ್ಲಿ ಸುಸ್ತಾಗಿದೆ ಎಂದು ಹೇಳಿಕೊಳ್ಳಲೂ ಹೆದರುತ್ತಾಳೆ. ಒಮ್ಮೆ ಪತ್ರಿಕೆಯಲ್ಲಿ ಅವಳ ಬಗ್ಗೆ ‘ದಣಿವರಿಯದ’ ಎಂದು ಬಂದಿತ್ತು.

ಪೋಲಿಯೊದವರದು ಮುಗಿಯುತ್ತಿರುವ ತಲೆಮಾರು. 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ಕಾಡು ಪೋಲಿಯೊ ವೈರಾಣುವಿನ, ಅಂದರೆ ಲಸಿಕೆಯಿಂದ ಬಂದದ್ದಲ್ಲದ, ನಿಸರ್ಗದಲ್ಲೇ ಹರಡುವ ವೈರಾಣುವಿನ ಪ್ರಕರಣ ಕಂಡುಬಂದಿಲ್ಲ. 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತ ಎಂಬ ಮನ್ನಣೆಯೂ ಸಿಕ್ಕಿತು. ಯಾರೂ ರೋಗಾಣುವಿನ ಎದುರು ಮಕ್ಕಳಿಗೆ ಛಲದ ಪಾಠ ಹೇಳಲಿಲ್ಲ. ಮನೆಮನೆಗೆ ಹೋಗಿ ಎರಡು ಹನಿ ಹಾಕಿದರು, ಹಾಕದ ಮನೆಯ ಬಾಗಿಲಿಗೆ ಗುರುತು ಮಾಡಿ ಮತ್ತೆ ಹೋದರು. ಕಟ್ಟಡಗಳ ವಿಷಯದಲ್ಲೂ ಹೀಗೆಯೇ ಕೆಲಸವಾಗಲೆಂದು 2016ರ ಕಾಯ್ದೆ ಗಡುವೊಂದನ್ನು ಇಟ್ಟಿತ್ತು. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮಗಳು ಜಾರಿಗೆ ಬಂದ ಐದು ವರ್ಷಗಳೊಳಗೆ ನಮಗೂ ಹೋಗಿಬರಲು ಬರುವಂತೆ ಮಾಡಬೇಕಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು ಮುಗಿದದ್ದು 2022ರ ಜೂನ್‌ನಲ್ಲಿ. ಆ ವಾರದ ನಿಮ್ಮ ಸಂಚಿಕೆಗಳನ್ನು ದಯವಿಟ್ಟು ಒಮ್ಮೆ ತೆಗೆದು ನೋಡಿ.

ನಿಮ್ಮ ವರದಿಗಾರ್ತಿಗೆ ನಾನು ಇಲ್ಲ ಎನ್ನುವುದಿಲ್ಲ. ಬರುವ ಮಂಗಳವಾರ ಬೆಳಿಗ್ಗೆ 11 ಗಂಟೆಗೆ ನಾನು ಒಂದು ಸರ್ಕಾರಿ ಕಚೇರಿಗೆ ಹೋಗಬೇಕಾಗಿದೆ. ಕಚೇರಿ ಮೊದಲ ಮಹಡಿಯಲ್ಲಿದೆ. ಅಲ್ಲಿನ ಗುಮಾಸ್ತರು ಒಳ್ಳೆಯವರು. ಪ್ರತಿ ಸಲವೂ ಕಡತವನ್ನು ಕೆಳಗೆ ತಂದು, ವಾಹನ ನಿಲ್ಲಿಸುವ ಜಾಗದಲ್ಲಿ, ಯಾರದೋ ಬೈಕಿನ ಸೀಟಿನ ಮೇಲೆ ಇಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ‘ನೀವೇಕೆ ಸರ್ ಕಷ್ಟಪಡುತ್ತೀರಿ’ ಎನ್ನುತ್ತಾರೆ. ನೆರಳಿನಲ್ಲಿ ಕುಳಿತುಕೊ ಎಂದ ಹಾಗೆಯೇ ಕೇಳಿಸುತ್ತದೆ. ನಿಮ್ಮ ವರದಿಗಾರ್ತಿಯನ್ನು ಅಲ್ಲಿಗೆ ಕಳುಹಿಸಿ. ಕ್ಯಾಮೆರಾ ಬೇಡ, ಅಳತೆಪಟ್ಟಿ ಇರಲಿ. ಇಪ್ಪತ್ತೆರಡು ಮೆಟ್ಟಿಲುಗಳಿವೆ, ಒಂದೊಂದೂ ಆರು ಅಂಗುಲವೆಂದು ಹಿಡಿದರೆ ಹನ್ನೊಂದು ಅಡಿ ಎತ್ತರ. ಒಂದು ಅಡಿ ಏರಲು ಹನ್ನೆರಡು ಅಡಿ ಇಳಿಜಾರು ಬೇಕೆಂಬುದು ಮಾನದಂಡ. 132 ಅಡಿಯ ಇಳಿಜಾರಿಗೆ ಅಲ್ಲಿ ಜಾಗವಿಲ್ಲ, ಹಾಗಾಗಿ ಲಿಫ್ಟ್ ಬೇಕು. ಅದಕ್ಕೆ ಹಣವಿಲ್ಲ ಎನ್ನುವುದಾದರೆ ನೆಲಮಹಡಿಯಲ್ಲಿ ಹಳೆಯ ಕಡತಗಳನ್ನು ತುಂಬಿಟ್ಟ ಎರಡು ಕೋಣೆಗಳಿವೆ. ಕಡತಗಳಿಗೆ ಮೆಟ್ಟಿಲು ಹತ್ತುವ ತೊಂದರೆಯಿಲ್ಲ. ಇಷ್ಟನ್ನೇ ಆಕೆ ಮೇಲೆ ಹೋಗಿ ಅಧಿಕಾರಿಗಳನ್ನು ಕೇಳಿಕೊಂಡು ಬರಲಿ. ನಾನು ಕೆಳಗೆ, ಆ ಬೈಕಿನ ಪಕ್ಕದಲ್ಲಿ ಕಾಯುತ್ತಿರುತ್ತೇನೆ.

ಇತಿ,
ಒಬ್ಬ ಗಣಿತದ ಮೇಷ್ಟರು